ಸತ್ತವನ ಪಾಳಿ

ಏಳನೆಯ ಕಂತು

“ಮುಖ ನೆನಪಿಲ್ಲ ಸಾರ್. ತೋಳು ನೆನಪೈತೆ.”

ನರ್ಸ್ ಮೀನಾಕ್ಷಿ ಈ ಮಾತು ಹೇಳುತ್ತಿರುವುದು ಹಿರಿಯೂರು ಬಿಟ್ಟ ಮೇಲೆ ಮೂರನೇ ಸಲ. ಮೊದಲೆರಡು ಸಲ ಸಬ್ ಇನ್ಸ್‌ಪೆಕ್ಟರ್ ಓಬಳೇಶಪ್ಪ ಮೀಸೆಯಲ್ಲೇ ನಕ್ಕಿದ್ದ. ಈ ಸಲ ನಗು ಬರಲಿಲ್ಲ. ಆ ತೋಳನ್ನು ಹುಡುಕಿಕೊಂಡು ಜೀಪು ಧರ್ಮಪುರದ ದಾರಿ ಹಿಡಿದಿತ್ತು. ಗಂಟೆ ಎರಡೂವರೆ. ಸಂಜೆ ಐದರೊಳಗೆ ಈ ಹೆಣ್ಣುಮಗಳನ್ನು ಬಂಧಿಸಬೇಕೆಂದು ಮೇಲಿನಿಂದ ಆಜ್ಞೆಯಾಗಿತ್ತು.

ಅವಳ ಮೇಲಿನ ಆರೋಪ ಕೇಳಿದರೆ ಯಾರಿಗಾದರೂ ಮೈ ಜುಂ ಎನ್ನುತ್ತದೆ. ಕುರಿ ಕಾಯುವ ಜುಂಜೇಶ ಜನವರಿ ಇಪ್ಪತ್ಮೂರಕ್ಕೆ ಜ್ವರದಲ್ಲಿ ಸತ್ತು ಮಣ್ಣಾದ. ಅದೇ ಜುಂಜೇಶ ಇಪ್ಪತ್ತೊಂಬತ್ತಕ್ಕೆ ಸಾಲಿನಲ್ಲಿ ನಿಂತು, ಹೆಸರು ಕರೆದಾಗ ಓಗೊಟ್ಟು, ತೋಳು ಚಾಚಿ ರಕ್ತ ಕೊಟ್ಟು ಹೋದ. ನಳಿಕೆಯ ಮೇಲೆ ಅವನ ಹೆಸರು, ಪಕ್ಕದಲ್ಲಿ ಮೀನಾಕ್ಷಿಯ ಸಹಿ.

ಚಿತ್ರದುರ್ಗದ ‘ನಿರಾಮಯ’ ಎಂಬ ಕೇಂದ್ರದವರು ಈ ಕಡೆಯ ಹಟ್ಟಿಗಳಲ್ಲಿ ಹೊಸ ಲಸಿಕೆಯೊಂದನ್ನು ಪರೀಕ್ಷೆ ಮಾಡುತ್ತಿದ್ದರು. ವರ್ಷವರ್ಷವೂ ಬಂದು ಹೋಗುವ ಫ್ಲೂ ಜ್ವರಕ್ಕೆ ಲಸಿಕೆ. ಅದರ ಜೊತೆಗೇ, ಇನ್ನೂ ಬಾರದ, ಬಂದರೆ ದೇಶದೇಶಗಳನ್ನೇ ಮಲಗಿಸುವಂಥ ಫ್ಲೂ ಒಂದಕ್ಕೂ ಮೈಯನ್ನು ಅಷ್ಟಿಷ್ಟು ಸಜ್ಜು ಮಾಡೀತೇ ಎಂಬ ಆಸೆ. ಜನವರಿ ಎಂಟಕ್ಕೆ ಒಂದು ಸಲ ರಕ್ತ ತೆಗೆದು ಲಸಿಕೆ ಚುಚ್ಚಿದ್ದರು. ಮೂರು ವಾರ ಬಿಟ್ಟು ಎರಡನೇ ಸಲ ರಕ್ತ ತೆಗೆಯಲು ಬಂದವಳು ಮೀನಾಕ್ಷಿ. ಅದಕ್ಕೆ ಮೊದಲು ಅವಳು ಆ ಹಟ್ಟಿಯ ಮುಖವನ್ನೇ ಕಂಡವಳಲ್ಲ.

ಲಸಿಕೆಯಿಂದಲೇ ಜುಂಜೇಶ ಸತ್ತ, ಅದನ್ನು ಮುಚ್ಚಿಹಾಕಲು ನರ್ಸು ಯಾರದೋ ರಕ್ತಕ್ಕೆ ಸತ್ತವನ ಹೆಸರು ಅಂಟಿಸಿದಳು ಎಂದು ದೂರು. ದೂರು ತಂದವನು ಹೊಳಲ್ಕೆರೆ ಸೀಮೆಯ ರಾಮಗಿರಿ ಕಡೆಯ ಕೋಳಿ ಫಾರಂ ಮಾಲೀಕ ಹನುಮೇಶ್. ಜುಂಜೇಶನ ಹೆಂಡತಿ ಚಿತ್ತಮ್ಮನ ಹೆಬ್ಬೆಟ್ಟು ಒತ್ತಿಸಿಕೊಂಡು ತಾನೇ ಠಾಣೆಯ ಮೆಟ್ಟಿಲು ಹತ್ತಿದ್ದ.

ಹೊಳಲ್ಕೆರೆ ಸೀಮೆಯ ಕೋಳಿಯವನಿಗೆ ಆಂಧ್ರದ ಗಡಿಯ ಕುರಿಯವನ ಮೇಲೆ ಇದ್ದಕ್ಕಿದ್ದಂತೆ ಇಷ್ಟು ಮಮತೆ ಉಕ್ಕಿದ್ದು ಯಾಕೆ? ಓಬಳೇಶಪ್ಪನಿಗೆ ಮೂರು ದಿನದಿಂದ ನಿದ್ದೆಗೆಡಿಸಿದ ಪ್ರಶ್ನೆ ಅದು.

“ಆವತ್ತು ರಕ್ತ ಬಿಸಿ ಇತ್ತೇನಮ್ಮ?” ಎಂದು ಕೇಳಿದ.

“ಇತ್ತು ಸಾರ್. ಬೆರಳಿಗೆ ತಾಗ್ತಿತ್ತು.” ಮೀನಾಕ್ಷಿ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದಳು. “ಅದೇ ನೆನಪಾಗಿ ಊಟ ಸೇರ್ತಿಲ್ಲ. ನಾನು ಮುಟ್ಟಿದ್ದು ಯಾರನ್ನ ಸಾರ್?”

ಆಗಲೇ ಓಬಳೇಶಪ್ಪನ ಫೋನು ಬಡಿದುಕೊಂಡಿತು. ಕೇಂದ್ರದ ವಿಜ್ಞಾನಿ ಡಾಕ್ಟರ್ ದೇವಿಕಾ.

“ಸಾರ್, ಆ ನಳಿಕೆಯನ್ನ ಮತ್ತೊಂದು ಸಲ ಪರೀಕ್ಷೆ ಮಾಡಿದೆ. ನಿಮ್ಮ ಇಲಾಖೆಯ ಭಾಷೆಯಲ್ಲೇ ಹೇಳ್ತೀನಿ. ಲಸಿಕೆ ಅಂದ್ರೆ ಕಳ್ಳನ ಫೋಟೋವನ್ನ ಮೈಗೆ ಮೊದಲೇ ತೋರಿಸಿಡೋದು. ಈ ವರ್ಷ ತಿರುಗಾಡ್ತಿರೋ ಮೂರು ಕಳ್ಳರ ಫೋಟೋ ನಮ್ಮ ಲಸಿಕೆಯಲ್ಲಿದೆ. ನಾಲ್ಕನೆಯವನು ಹಕ್ಕಿಗಳ ಫ್ಲೂ. ಅವನು ಮನುಷ್ಯರಲ್ಲಿ ಇನ್ನೂ ನೆಲೆ ಹೂಡಿಲ್ಲ. ಮೂವರನ್ನ ಕಲಿತ ಮೈ ನಾಲ್ಕನೆಯವನನ್ನೂ ಸ್ವಲ್ಪ ಗುರುತು ಹಿಡಿಯುತ್ತಾ ಅನ್ನೋದೇ ನಮ್ಮ ಪರೀಕ್ಷೆ.”

“ಹಿಡೀತಾ?”

“ಉಳಿದವರ ರಕ್ತದಲ್ಲಿ ಮೂವರ ಗುರುತು ಜೋರಾಗಿದೆ, ನಾಲ್ಕನೆಯವನದು ಮಸುಕು ಮಸುಕು. ಈ ಒಂದು ನಳಿಕೆಯಲ್ಲಿ ಮಾತ್ರ ತಿರುಗುಮುರುಗು. ಮೂವರ ಗುರುತು ಹೆಚ್ಚುಕಡಿಮೆ ಇಲ್ಲ. ನಾಲ್ಕನೆಯವನದು ಬೆಟ್ಟದಷ್ಟಿದೆ.”

“ಅಂದ್ರೆ?”

“ಇದು ನಮ್ಮ ಲಸಿಕೆ ಹಾಕಿಸಿಕೊಂಡವರ ರಕ್ತ ಅಲ್ಲ ಸಾರ್. ಯಾರದು ಅಂತ ಗೊತ್ತಾದ ತಕ್ಷಣ ಅವರ ಎದುರಿಂದಲೇ ನನಗೆ ಫೋನ್ ಮಾಡಿ. ಅಲ್ಲಿವರೆಗೆ ಇಬ್ಬರೂ ಮಾಸ್ಕ್ ಹಾಕ್ಕೊಳ್ಳಿ.”

ಮೀನಾಕ್ಷಿ ಚೀಲದಿಂದ ಒಂದು ಮಾಸ್ಕ್ ತೆಗೆದುಕೊಟ್ಟಳು. ಓಬಳೇಶಪ್ಪ ಕಿವಿಗೆ ದಾರ ಸಿಕ್ಕಿಸಿಕೊಂಡು ಮೂಗಿನ ಮೇಲಿನ ಪಟ್ಟಿಯನ್ನು ಎರಡೆರಡು ಸಲ ಒತ್ತಿದ. ಕೊರೊನಾದ ಎರಡನೇ ವರ್ಷ ಬಂದೋಬಸ್ತಿನಿಂದ ಮನೆಗೆ ಬಂದವನಿಗೆ ತಲೆನೋವು ಎಂದು ಅಕ್ಕ ಶಾಂತಕ್ಕ ಹಣೆಗೆ ಎಣ್ಣೆ ತಿಕ್ಕಿದ್ದಳು. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳೇ ಅವಳು. ಓಬಳೇಶಪ್ಪ ಎದ್ದು ಓಡಾಡಿದ, ಶಾಂತಕ್ಕ ಏಳಲಿಲ್ಲ. ಲಸಿಕೆಯ ಸರದಿ ಅವಳಿಗೆ ಬಂದಾಗ ಅವಳು ತೀರಿಕೊಂಡು ಹದಿನೈದು ದಿನ. ಅವತ್ತಿನಿಂದ ಅವನು ಯಾರ ಕೈಲೂ ಹಣೆ ಮುಟ್ಟಿಸಿಕೊಂಡಿಲ್ಲ.

ಹಟ್ಟಿಯ ಮುಳ್ಳುಬೇಲಿಯ ಹೊರಗೆ ಇಬ್ಬರೂ ಕಾಲಿನ ಮೆಟ್ಟು ಬಿಟ್ಟು ಒಳಗೆ ಹೋದರು. ಹಿಂದಿನ ದಿನವಷ್ಟೇ ಜುಂಜೇಶನ ಹನ್ನೊಂದನೇ ದಿನದ ಕಾರ್ಯ ಮುಗಿದಿತ್ತು. ಕುರಿಯ ಹಿಂದೆ ಊರೂರು ಸುತ್ತುವ ಗಂಡಸರೆಲ್ಲ ಅದಕ್ಕೆಂದು ಬಂದವರು ಇನ್ನೂ ಹೊರಟಿರಲಿಲ್ಲ. ಅಷ್ಟು ಜನರಿದ್ದರೂ ಹಟ್ಟಿ ಮೌನವಾಗಿತ್ತು.

ಏನೋ ಕಡಿಮೆಯಿದೆ ಅನ್ನಿಸಿ ಓಬಳೇಶಪ್ಪ ಸುತ್ತ ನೋಡಿದ. ಒಂದೇ ಒಂದು ಕೋಳಿ ಇಲ್ಲ. ಆಮೇಲೆ ನೆನಪಾಯಿತು. ಈ ಹಟ್ಟಿಯ ಕಟ್ಟುಪಾಡೇ ಅದು. ಕೋಳಿ ಸಾಕುವಂತಿಲ್ಲ, ತಿನ್ನುವಂತಿಲ್ಲ, ಗರಿಯೊಂದು ಗಾಳಿಗೆ ಹಾರಿ ಬಂದರೂ ಬೇಲಿಯಾಚೆ ಗುಡಿಸಿ ನೀರು ಹಾಕುತ್ತಾರೆ. ಹಕ್ಕಿಯ ಜ್ವರ ಹಕ್ಕಿಯೇ ಇಲ್ಲದ ಹಟ್ಟಿಗೆ ಬಂದದ್ದು ಹೇಗೆ ಎಂದು ಅವನಿಗೆ ಬಗೆಹರಿಯಲಿಲ್ಲ.

ಚಿತ್ತಮ್ಮ ಬಾಗಿಲ ಬಳಿ ಕುಳಿತಿದ್ದಳು. ಹತ್ತಿರದಲ್ಲಿ ಒಂದು ತಟ್ಟೆಯಲ್ಲಿ ಮುದ್ದೆ ಆರಿ ಬಿರಿದಿತ್ತು.

“ಉಣ್ಣಲಿಲ್ಲವೇನಮ್ಮ?”

“ನಂದಲ್ಲ ಸಾಹೇಬ್ರೆ. ಅವರದು.” ಅವಳ ದನಿಯಲ್ಲಿ ಅಳುಕಿರಲಿಲ್ಲ. “ಬೇಲಿ ತಾವ ದಿನಾ ಇಕ್ಕಿ ಬರ್ತೀನಿ. ನೀವು ಈ ಸೂಜಿ ಅಕ್ಕನ್ನ ಯಾಕೆ ಹಿಡ್ಕಂಡು ಹೋಗ್ತೀರಿ? ಅಕ್ಕ ಸುಳ್ಳು ಹೇಳ್ತಿಲ್ಲ. ಅವತ್ತು ನನ್ನ ಗಂಡನೇ ಬಂದಿದ್ದ.”

“ನೋಡಿದ್ಯಾ?”

“ಬೆನ್ನು ನೋಡ್ದೆ. ಅವರದೇ ಕಂಬ್ಳಿ, ನಾನೇ ಅಂಚು ಕಟ್ಟಿದ್ದು. ಕೂಗ್ದೆ, ತಿರುಗಲಿಲ್ಲ. ಸತ್ತೋರು ತಿರುಗಿ ನೋಡಂಗಿಲ್ಲ ಅಂತಾರೆ.”

“ಹಂಗಾದ್ರೆ ದೂರಿಗೆ ಹೆಬ್ಬೆಟ್ಟು ಯಾಕೆ ಒತ್ತಿದೆ?”

“ಹನುಮೇಶಪ್ಪ ಪರಿಹಾರದ ಅರ್ಜಿ ಅಂದ. ಒತ್ತಿದೆ.”

ಓಬಳೇಶಪ್ಪ ಮನಸ್ಸಿನಲ್ಲೇ ಹನುಮೇಶನ ಹೆಸರಿಗೆ ಇನ್ನೊಂದು ಗೆರೆ ಎಳೆದುಕೊಂಡ.

ಹಟ್ಟಿಯ ಗಂಡಸರನ್ನು ಜಗುಲಿಯ ಮುಂದೆ ಸಾಲಾಗಿ ಕೂರಿಸಲು ಹೇಳಿದ. ಒಟ್ಟು ಹದಿನಾಲ್ಕು ಜನ. ಮೀನಾಕ್ಷಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡಳು. ಅದು ಅವಳದೇ ಉಪಾಯ. ಮುಖ ನೋಡಿದರೆ ಬುದ್ಧಿ ದಾರಿ ತಪ್ಪುತ್ತದೆ, ಬೆರಳು ತಪ್ಪುವುದಿಲ್ಲ ಎಂದಿದ್ದಳು. ಹದಿನಾರು ವರ್ಷದಿಂದ ಅವಳು ಜನರನ್ನು ಮೊಣಕೈಯ ಒಳಮಗ್ಗುಲಿನಿಂದಲೇ ಗುರುತಿಟ್ಟುಕೊಂಡವಳು.

“ಅವತ್ತಿನೋನಿಗೆ ಎರಡು ಸಲ ಚುಚ್ಚಿದ್ರೂ ರಕ್ತ ಬರ್ಲಿಲ್ಲ ಸಾರ್. ನರ ಬೆರಳಡಿ ಸಿಗುತ್ತೆ, ಸೂಜಿ ಬಂದ್ರೆ ಪಕ್ಕಕ್ಕೆ ಜಾರುತ್ತೆ. ಅದರ ಮಗ್ಗುಲಲ್ಲೇ ಒಂದು ಗಟ್ಟಿ ಗಂಟು, ಕಡಲೆಕಾಳಿನಷ್ಟು.”

ರಬ್ಬರ್ ಪಟ್ಟಿ ಬಿಗಿಯುವುದು, ಎರಡು ಬೆರಳಿಟ್ಟು ಒತ್ತುವುದು, ತಲೆ ಆಡಿಸುವುದು. ಮೊದಮೊದಲು ಗಂಡಸರು ತಮಾಷೆ ಮಾಡಿದರು. “ನನ್ನ ನರ ಹಿಡೀರಿ ಅಕ್ಕ, ನಮ್ಮನೇಳು ದಿನಾ ಹಿಡೀತಾಳೆ,” ಎಂದ ಒಬ್ಬ ಮುದುಕ. ಒಂಬತ್ತು ತೋಳು ಕಳೆಯಿತು, ಹತ್ತು ಕಳೆಯಿತು. ನಗು ತಾನಾಗಿ ನಿಂತುಹೋಯಿತು.

ಸಾಲಿನ ಕೊನೆಯಲ್ಲಿದ್ದವನು ಮೆಲ್ಲಗೆ ಎದ್ದ. “ಮರಿ ಕೂಗ್ತಾವೆ, ನೋಡ್ಕಂಡು ಬತ್ತೀನಿ,” ಎಂದ.

ಯಾವ ಮರಿಯೂ ಕೂಗಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನಂತೂ ಅಂಗಿಯ ತೋಳನ್ನು ಮಣಿಕಟ್ಟಿನವರೆಗೂ ಎಳೆದುಕೊಂಡಿದ್ದ.

“ಕುಂತ್ಕಳಪ್ಪ,” ಎಂದ ಓಬಳೇಶಪ್ಪ. “ಮರಿ ಎಲ್ಲಿಗೂ ಹೋಗಲ್ಲ.”

ಅವನು ಜುಂಜೇಶನ ಒಡಹುಟ್ಟಿದ ತಮ್ಮ ಕಾಟಲಿಂಗಪ್ಪ. ಮೀನಾಕ್ಷಿ ಅವನ ತೋಳಿಗೆ ಬೆರಳಿಟ್ಟಳು. ಒತ್ತಿದಳು. ಮತ್ತೊಮ್ಮೆ ಒತ್ತಿದಳು. ಬಟ್ಟೆಯಡಿಯಿಂದ ಅವಳ ಕೆನ್ನೆಗೆ ನೀರಿಳಿಯಿತು.

“ಇವರೇ ಸಾರ್. ಬದುಕಿರೋರೇ.”

ಅವನನ್ನು ಕುರಿಯ ರೊಪ್ಪದ ಬಳಿಗೆ ಕರೆದೊಯ್ದರು. ಕಾಟಲಿಂಗಪ್ಪ ಬೇಲಿಯ ಗೂಟ ಹಿಡಿದು ನಿಂತ. ಮೂವತ್ತರ ಆಸುಪಾಸಿನವನು, ಆದರೆ ಜ್ವರದಿಂದ ಎದ್ದವನಂತೆ ಕಣ್ಣು ಗುಳಿಬಿದ್ದಿತ್ತು.

“ಯಾಕಪ್ಪ ಕೊಟ್ಟೆ? ಯಾರು ಹೇಳಿಕೊಟ್ರು?”

“ಯಾರೂ ಹೇಳ್ಕೊಡ್ಲಿಲ್ಲ ಸಾಹೇಬ್ರೆ. ಅದು ಅಣ್ಣನ ಪಾಳಿ.”

“ಪಾಳಿನಾ?”

“ಎರಡು ಸಲ ರಕ್ತ ಕೊಡ್ತೀನಿ ಅಂತ ಅಣ್ಣ ಮಾತು ಕೊಟ್ಟಿದ್ದ. ಒಂದು ಸಲ ಕೊಟ್ಟ. ಇನ್ನೊಂದು ಕೊಡಾಕೆ ಮುಂಚೆ ಹೋಗ್ಬಿಟ್ಟ. ನಮ್ಮ ಮನೆತನದಾಗೆ ಸತ್ತೋನ ಪಾಳೀನ ತಮ್ಮ ತೀರಿಸ್ಬೇಕು. ದೇವ್ರ ಪಾಳಿ ಆಗ್ಲಿ, ಕುರಿ ಪಾಳಿ ಆಗ್ಲಿ. ಅವನ ಕಂಬ್ಳಿ ಹೊದ್ಕಂಡು, ಅವನ ಹೆಸ್ರಿಗೆ ಓ ಅಂದು, ಬೇರೆ ಮಾತಿಗೆ ತುಟಿ ಬಿಚ್ಚದೆ, ತಿರುಗಿ ನೋಡದೆ ಬರ್ಬೇಕು. ಇಲ್ದಿದ್ರೆ ಅವ್ನು ಬೇಲಿ ಆಚೆನೇ ನಿಂತಿರ್ತಾನೆ. ಒಳಗೂ ಬರಂಗಿಲ್ಲ, ಮುಂದಕ್ಕೂ ಹೋಗಂಗಿಲ್ಲ.”

ಓಬಳೇಶಪ್ಪನಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಕೇಂದ್ರದ ನೂರಾರು ಪುಟದ ನಿಯಮಗಳಲ್ಲಿ ಇಂಥ ಪ್ರಾಮಾಣಿಕ ಮೋಸಕ್ಕೆ ಒಂದು ಸಾಲೂ ಇದ್ದಿರಲಾರದು. ಕಾರ್ಡಿನ ಮೇಲಿನ ಫೋಟೋ ಈ ತಮ್ಮನದೂ ಹೌದು ಎನ್ನುವಷ್ಟು ಹೋಲಿಕೆ ಬೇರೆ.

“ನೀನಾ?”

ಹಿಂದೆ ಚಿತ್ತಮ್ಮ ನಿಂತಿದ್ದಳು. ಯಾವಾಗ ಬಂದಳೋ ಯಾರೂ ಗಮನಿಸಿರಲಿಲ್ಲ.

“ನೀನಾ ಮೈದುನ? ನಾನು ಕೂಗಿದ್ದು ನಿಂಗಾ?”

“ಅತ್ತಿಗೆ, ಹೇಳ್ಬಾರ್ದಿತ್ತು. ಹೇಳಿದ್ರೆ ಪಾಳಿ ಮುರೀತೈತೆ.”

ಚಿತ್ತಮ್ಮ ನೆಲಕ್ಕೆ ಕುಸಿದು ಕುಳಿತಳು. ಗಂಡ ಸತ್ತ ದಿನಕ್ಕಿಂತ ಈಗ ಅವಳಿಗೆ ಹೆಚ್ಚು ದುಃಖವಾಯಿತು. ಅವತ್ತು ಕಂಡ ಆ ಬೆನ್ನೊಂದನ್ನೇ ನೆಚ್ಚಿಕೊಂಡು ಇಷ್ಟು ದಿನ ಕಳೆದಿದ್ದಳು. ಮೀನಾಕ್ಷಿ ಅವಳ ಪಕ್ಕ ಹೋಗಿ ಕುಳಿತು ಕೈ ಹಿಡಿದುಕೊಂಡಳು.

ಮೂರೂಮುಕ್ಕಾಲು. ನರ್ಸು ನಿರಪರಾಧಿ. ಓಬಳೇಶಪ್ಪ ಕಾಗದ ತೆಗೆದು ಹೇಳಿಕೆ ಬರೆಯಲು ಶುರು ಮಾಡಿದ, ಇನ್ನೊಂದು ಕೈಯಲ್ಲಿ ದೇವಿಕಾಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟ.

“ಸಿಕ್ಕಿದ್ರು ಮೇಡಂ. ಜುಂಜೇಶನ ತಮ್ಮ. ಲಸಿಕೆ ಹಾಕಿಸ್ಕಂಡಿಲ್ಲ.”

“ಅವರಿಗೆ ಈಚೆಗೆ ಜ್ವರ ಬಂದಿತ್ತಾ ಕೇಳಿ. ಕೋಳಿ ಮುಟ್ಟಿದ್ರಾ ಕೇಳಿ.”

ಕೋಳಿ ಎಂಬ ಮಾತಿಗೆ ಕಾಟಲಿಂಗಪ್ಪನ ಮುಖ ಬಿಳಿಚಿತು. ಅತ್ತಿಗೆಯ ಕಡೆ ನೋಡಿದ, ಹಟ್ಟಿಯ ಕಡೆ ನೋಡಿದ.

“ಹೇಳು,” ಎಂದ ಓಬಳೇಶಪ್ಪ. “ಹನುಮೇಶನ ಫಾರಂ ತಾನೇ?”

“ಯಾರಿಗೂ ಹೇಳ್ಬ್ಯಾಡ್ರಿ ಸಾಹೇಬ್ರೆ. ಹಟ್ಟಿಯಿಂದ ಹೊರಗೆ ಹಾಕ್ತಾರೆ.” ಮೂಗಿನ ಹೊಳ್ಳೆ ಅದುರುತ್ತಿತ್ತು. “ರಾಮಗಿರಿ ತಾವ ಜೋಳ ಕೊಯ್ದ ಹೊಲದಾಗೆ ಕುರಿ ತರುಬಿದ್ದೆ. ಪಕ್ಕದಾಗೇ ಅವನ ಫಾರಂ. ಸಂಕ್ರಾಂತಿಗೆ ಎರಡು ದಿನ ಮುಂಚೆ ರಾಶಿ ರಾಶಿ ಸತ್ತು ಬಿದ್ದವು. ಗುಂಡಿ ತೋಡಿ ಹೂಳು, ಉಸಿರೆತ್ತಬ್ಯಾಡ ಅಂದ. ಒಲ್ಲೆ ಅಂದೆ. ಹಂಗಾರೆ ನಿನ್ನ ಕುರಿ ನಾಳಿಂದ ನೀರು ಎಲ್ಲಿ ಕುಡೀತಾವೆ ನೋಡಾಣ ಅಂದ. ಹೂತೆ. ಮೂರನೇ ದಿನಕ್ಕೆ ಜ್ವರ ಹಿಡ್ಕಂತು. ಕೋಳಿ ಮುಟ್ಟಿದ ಪಾಪ ಅಂದ್ಕಂಡು ಸುಮ್ಕಿದ್ದೆ.”

ಮೊಸರನ್ನ ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತ್ತು. ಸಾವನ್ನು ಲಸಿಕೆಯ ತಲೆಗೆ ಕಟ್ಟಿದರೆ ಗುಂಡಿ ಅಗೆಯುವವರು ಯಾರಿದ್ದಾರೆ? ಓಬಳೇಶಪ್ಪನಿಗೆ ಖುಷಿಯೇ ಆಯಿತು. ಹೀಗೆ ಕೈಗೆ ಸಿಕ್ಕಿಬೀಳುವ ಖದೀಮರು ವರ್ಷಕ್ಕೊಬ್ಬರು ಸಿಗುವುದೂ ಕಷ್ಟ.

“ಸರಿ. ನೀನೂ ನಿಮ್ಮಣ್ಣನೂ ಕೂಡಿ ಹೂತಿರಿ, ಇಬ್ಬರಿಗೂ ಜ್ವರ ಬಂತು, ನೀನು ಉಳ್ಕಂಡೆ,” ಎನ್ನುತ್ತ ಬರೆಯತೊಡಗಿದ.

“ಇಲ್ಲ ಸಾಹೇಬ್ರೆ. ಅಣ್ಣ ಎಲ್ಲಿದ್ದ ಅಲ್ಲಿ? ಅವನು ಹಟ್ಟಿಯಾಗಿದ್ದ.”

ಪೆನ್ನು ನಿಂತಿತು.

“ಮತ್ತೆ?”

“ನಂಗೆ ಜ್ವರ ಅಂತ ಯಾರೋ ಹೇಳಿ ಕಳಿಸಿದ್ರು. ಮಾರನೇ ದಿನನೇ ಓಡಿ ಬಂದ. ಅಷ್ಟೊತ್ತಿಗೆ ಗುಂಡಿ ಮುಚ್ಚಿತ್ತು, ಫಾರಂ ತೊಳೆದು ಬೀಗ ಹಾಕಿದ್ರು. ಅಣ್ಣ ಜನ್ಮದಾಗೆ ಕೋಳಿ ಮುಟ್ಟಿದೋನಲ್ಲ. ಎರಡು ರಾತ್ರಿ ನನ್ನ ಮಗ್ಗುಲಾಗೇ ಮಲಗಿದ್ದ. ಚಳಿ ಅಂದ್ರೆ ಅವನ ಕಂಬ್ಳಿ ನಂಗೂ ಹೊದಿಸಿದ. ಗಂಜಿ ಕುಡಿಸಿದ. ನಾನು ಎದ್ದೆ, ಅವನು ಅಲ್ಲೇ ಮಲಗ್ದ.”

ಫೋನಿನಲ್ಲಿ ದೇವಿಕಾಳ ಉಸಿರು ಕೇಳುತ್ತಿತ್ತು. “ಸಾರ್,” ಎಂದಳು. ದನಿ ಬದಲಾಗಿತ್ತು. “ಕೋಳಿಯಿಂದ ಮನುಷ್ಯನಿಗೆ ಬಂದ್ರೆ ಅದು ಹೆಚ್ಚಾಗಿ ಆ ಮನುಷ್ಯನಲ್ಲೇ ಮುಗಿಯುತ್ತೆ. ಮನುಷ್ಯನಿಂದ ಮನುಷ್ಯನಿಗೆ ದಾಟಿದ್ರೆ ಎಲ್ಲಿ ನಿಲ್ಲುತ್ತೋ ಹೇಳೋಕಾಗಲ್ಲ. ಜುಂಜೇಶ ಮಲಗಿದ ಮೇಲೆ ಅವರನ್ನ ನೋಡಿಕೊಂಡೋರು ಯಾರು? ಒಬ್ಬೊಬ್ಬರ ಹೆಸರೂ ಬೇಕು.”

ಕಾಟಲಿಂಗಪ್ಪ ಓಬಳೇಶಪ್ಪ, ಮೀನಾಕ್ಷಿ ಇಬ್ಬರ ಮುಖವನ್ನೂ ನೋಡಿದ. ಅವನಿಗೆ ನಿಧಾನವಾಗಿ ಅರ್ಥವಾಗುತ್ತಿತ್ತು.

“ಅಂದ್ರೆ ಅಣ್ಣಂಗೆ ಕೊಟ್ಟೋನು ನಾನಾ?”

ಓಬಳೇಶಪ್ಪನಿಗೆ ಇದಕ್ಕೆ ಉತ್ತರ ಗೊತ್ತಿತ್ತು. ಐದಾರು ವರ್ಷದಿಂದ ಗೊತ್ತಿತ್ತು. ಸುಮ್ಮನೆ ಅವನ ಹೆಗಲ ಮೇಲೆ ಕೈಯಿಟ್ಟ.

ಮಾತಾಡಿದವಳು ಚಿತ್ತಮ್ಮ. “ನಮ್ಮ ನಾದಿನಿ ನೋಡ್ಕಂಡ್ಳು. ಬೊಮ್ಮಕ್ಕ, ಈ ಮೈದುನನ ಅಕ್ಕ. ಹೊಸದುರ್ಗಕ್ಕೆ ಕೊಟ್ಟೈತೆ. ರಾಮಗಿರಿಗೆ ಹತ್ರ ಅಂತ ಬಂದು ಮೂರು ದಿನ ಅವರ ತಲೆದೆಸೆ ಬಿಟ್ಟು ಏಳ್ಲಿಲ್ಲ. ಮಣ್ಣಿಗೂ ಬಂದಿದ್ಳು.”

“ನಿನ್ನೆ ಕಾರ್ಯಕ್ಕೆ ಬಂದಿದ್ಳಾ?” ಎಂದ ಓಬಳೇಶಪ್ಪ.

“ಎಲ್ಲಿ ಬತ್ತಾಳೆ. ಆರು ದಿನದಿಂದ ಅವಳಿಗೂ ಜ್ವರ ಅಂತೆ. ಅದಕ್ಕೆ ಇವತ್ತು ಬೆಳಗ್ಗೆ ಬಸ್ಸಿಗೆ ನನ್ನ ಮಗಳು ಗಂಗಾನ ಕಳ್ಸಿಕೊಟ್ಟೆ.” ಎಲ್ಲರೂ ತನ್ನನ್ನೇ ದಿಟ್ಟಿಸುತ್ತಿರುವುದನ್ನು ಕಂಡು ಅವಳ ದನಿ ಸಣ್ಣಗಾಯಿತು. “ಯಾಕ್ರಿ? ಜ್ವರ ಬಂದೋರ್ನ ನೋಡಾಕೆ ಹೋಗ್ಬಾರ್ದೇನ್ರಿ?”

ಮೀನಾಕ್ಷಿ ಆಗಲೇ ಚಿತ್ತಮ್ಮನ ಮಡಿಲಲ್ಲಿದ್ದ ಫೋನು ಕಸಿದುಕೊಂಡು ಗಂಗಾಳಿಗೆ ಹಚ್ಚಿದ್ದಳು. ಐದು ಸಲ ರಿಂಗಾಯಿತು. ಹದಿನೇಳರ ಹುಡುಗಿಯ ದನಿ ಪಿಸುಗುಟ್ಟಿತು.

“ಅವ್ವ, ಮೆಲ್ಲಕೆ ಮಾತಾಡು.”

“ಗಂಗಾ, ನಾನು ಸೂಜಿ ಅಕ್ಕ. ಯಾರನ್ನೂ ಮುಟ್ಬೇಡ. ಬಾಯಿ ಮೂಗಿಗೆ ಬಟ್ಟೆ ಕಟ್ಕಂಡು ಈಗಿಂದೀಗ್ಲೇ ಆ ಮನೆಯಿಂದ ಹೊರಗೆ ಬಾ. ನಾವು ಅಂಬುಲೆನ್ಸ್ ಕಳಿಸ್ತೀವಿ.”

“ಹೆಂಗೆ ಬರ್ಲಿ ಅಕ್ಕ?” ಎಂದಳು ಗಂಗಾ. “ಅತ್ತೆ ಒಬ್ಳೇ ಅಂದ್ಕಂಡು ಬಂದೆ. ಮಾವ, ಇಬ್ರು ಬಾವಂದ್ರು, ಅವರ ಸೊಸೆ, ಎಲ್ರೂ ಮಲಗವ್ರೆ. ಈ ಮನೆಯಾಗೆ ನೀರು ಕೊಡಾಕೆ ಎದ್ದು ನಿಂತಿರೋಳು ನಾನೊಬ್ಳೇ. ನಾನೂ ಹೊರಗೆ ಬಂದ್ರೆ ಇವ್ರಿಗೆ ಯಾರವ್ರೆ?”